ದೀರ್ಘಕಾಲದ ನೋವಿಗೆ ಇಎಂಡಿಆರ್: ಯಾವುದನ್ನು ಗುರಿ ಮಾಡಬೇಕು, ಎಲ್ಲಿ ಕೈಕೊಡುತ್ತದೆ?

(ಅಡ್ಡಹೆಸರುಗಳಲ್ಲಿ ನಡೆದ ಚರ್ಚೆ. ಬೆನ್ನುಹುರಿ ಫಿಸಿಯೋಥೆರಪಿಯ ಕಡೆಯಿಂದ, ನರಗುಚ್ಛ ನೋವಿನ ವೈದ್ಯಕೀಯದ ಕಡೆಯಿಂದ, ಎಣಿಕೆ ಪುರಾವೆ ಮತ್ತು ಅಳತೆಯ ಕಡೆಯಿಂದ, ಎಡಬಲ ಮತ್ತು ಮರುಓದು ಇಎಂಡಿಆರ್ ಕಡೆಯಿಂದ ಮಾತಾಡುತ್ತಾರೆ.)

ಬೆನ್ನುಹುರಿ:

ಮೂರು ತಿಂಗಳು ದಾಟಿದ ನೋವು. ಸ್ಕ್ಯಾನ್‌ನಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ. ವ್ಯಾಯಾಮ ಶುರು ಮಾಡಿದರೆ ಎರಡನೇ ವಾರಕ್ಕೇ ಭಯಬಿದ್ದು ನಿಲ್ಲಿಸಿಬಿಡುತ್ತಾರೆ. ಫಿಸಿಯೋಥೆರಪಿಯಲ್ಲಿ ಇಂಥವರನ್ನು ಸೈಕೋಥೆರಪಿಗೆ ಕಳಿಸುವ ಮಾತು ಬಂದಾಗಲೆಲ್ಲ ಇಎಂಡಿಆರ್ ಅನ್ನುವ ಹೆಸರು ಬರುತ್ತದೆ: ಕಹಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು, ಥೆರಪಿಸ್ಟ್ ಆಡಿಸುವ ಬೆರಳನ್ನು ಕಣ್ಣಿನಿಂದ ಹಿಂಬಾಲಿಸುವ ಸೈಕೋಥೆರಪಿ. ಬೆರಳಿನ ಹಿಂದೆ ಕಣ್ಣು ಓಡಿಸಿದರೆ ಸೊಂಟನೋವು ಹೇಗೆ ಇಳಿದೀತು ಎಂಬುದು ಮೊದಲ ಪ್ರಶ್ನೆ. ಯಾರನ್ನು ಕಳಿಸಬೇಕು, ಯಾರನ್ನು ಕಳಿಸಬಾರದು ಎಂಬುದು ಎರಡನೆಯದು. ಅದು ನಡೆಯುತ್ತಿರುವಾಗ ವ್ಯಾಯಾಮ ನಿಲ್ಲಿಸಬೇಕೋ, ಮುಂದುವರಿಸಬೇಕೋ ಎಂಬುದು ಮೂರನೆಯದು.

'ದೇಹ ಮನಸ್ಸು ಎರಡೂ ಒಂದೇ' ಅನ್ನುವ ಮಟ್ಟದ ಉತ್ತರ ಬೇಡ. ಸೆಷನ್ನಿನಲ್ಲಿ ಏನು ನಡೆಯುತ್ತದೆ, ಎಷ್ಟು ಹೊತ್ತು, ಯಾವ ಅಂಕ ನೋಡಿಕೊಂಡು ಮುಂದಕ್ಕೆ ಹೋಗುತ್ತಾರೆ ಅನ್ನುವುದು ಬೇಕು.

ಎಡಬಲ:

ಕಣ್ಣು ಓಡಿಸಿದ್ದಕ್ಕೆ ಸೊಂಟ ಸರಿಹೋಗುವುದಿಲ್ಲ. ನೋವಿಗೆ ಅಂಟಿಕೊಂಡ ನೆನಪಿನ ಕಾವು ಇಳಿಯುತ್ತದೆ. ಆ ಕಾವು ನೋವನ್ನು ಎಷ್ಟು ಮಟ್ಟಿಗೆ ಹಿಡಿದಿಟ್ಟುಕೊಂಡಿತ್ತೋ ಅಷ್ಟರ ಮಟ್ಟಿಗೆ ನೋವೂ ಇಳಿಯುತ್ತದೆ. ಇದನ್ನು ರೋಗಿಗೂ ಮೊದಲ ದಿನವೇ ಹೀಗೇ ಹೇಳಬೇಕು.

ಈ ವಿಧಾನವನ್ನು ಫ್ರಾನ್ಸಿನ್ ಶಾಪಿರೋ 1987ರಲ್ಲಿ ಶುರು ಮಾಡಿದರು, ಮೊದಲ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಆಘಾತದ ನೆನಪುಗಳಿಗಾಗಿಯೇ ಹುಟ್ಟಿದ್ದು ಇದು. ಅಪಘಾತ, ಎಚ್ಚರವಿದ್ದಾಗಲೇ ನಡೆದ ನೋವಿನ ಚಿಕಿತ್ಸೆ, 'ಇನ್ನು ನೀವು ಹೀಗೇ ಇರಬೇಕು' ಎಂದು ವೈದ್ಯರು ಹೇಳಿದ ಆ ಗಳಿಗೆ, ಇವೆಲ್ಲ ಬರೀ ಚಿತ್ರವಾಗಿ ಉಳಿಯುವುದಿಲ್ಲ, ಮೈಯಲ್ಲಿನ ಅನುಭವದ ಸಮೇತ ಉಳಿಯುತ್ತವೆ. ಇವತ್ತು ಬಗ್ಗಿದಾಗ ಸೊಂಟ ಚುರುಕ್ ಎಂದರೆ ಅಂದಿನ ದಿಗಿಲೂ ಜೊತೆಗೇ ಎದ್ದು ಬರುತ್ತದೆ. ಸ್ನಾಯು ಬಿಗಿಯುತ್ತದೆ, ಉಸಿರು ಮೇಲೇರುತ್ತದೆ, ಗಮನವೆಲ್ಲ ಆ ಜಾಗಕ್ಕೇ ಹೋಗಿ ಕೂರುತ್ತದೆ.

ಕಣ್ಣಿನ ಚಲನೆ ಏನು ಮಾಡುತ್ತದೆ ಎಂಬುದಕ್ಕೆ ಸದ್ಯ ಹೆಚ್ಚು ಪರೀಕ್ಷೆಗೆ ಒಳಪಟ್ಟ ವಿವರಣೆ ಕೆಲಸದ ಸ್ಮೃತಿಯದು. ತಕ್ಷಣದ ಕೆಲಸಕ್ಕೆ ಮನಸ್ಸು ಬಳಸುವ ಜಾಗ ಚಿಕ್ಕದು. ಕಹಿ ನೆನಪನ್ನು ಅಲ್ಲಿ ತಂದಿಟ್ಟುಕೊಂಡು, ಅದೇ ಹೊತ್ತಿಗೆ ವೇಗವಾಗಿ ಓಡುವ ಬೆರಳನ್ನೂ ಹಿಂಬಾಲಿಸು ಎಂದರೆ ಎರಡಕ್ಕೂ ಜಾಗ ಸಾಲದು. ನೆನಪಿನ ಬಣ್ಣ ಮಂಕಾಗುತ್ತದೆ, ಕಾವು ಇಳಿಯುತ್ತದೆ, ಮಂಕಾದ ರೂಪದಲ್ಲೇ ಅದು ವಾಪಸ್ ಸಂಗ್ರಹವಾಗುತ್ತದೆ. ಇದರಿಂದ ಒಂದು ಪ್ರಾಯೋಗಿಕ ಪಾಠ ಸಿಗುತ್ತದೆ: ಕಣ್ಣಿನ ಕೆಲಸ ತೀರಾ ಸುಲಭವಾಗಿದ್ದರೆ ಪರಿಣಾಮ ಕಡಿಮೆ. ನಿಧಾನವಾಗಿ ಅತ್ತಿತ್ತ ಬೆರಳು ಆಡಿಸಿದರೆ ರೋಗಿಗೆ ಹಾಯೆನಿಸಬಹುದು, ನೆನಪು ಮಾತ್ರ ಇದ್ದಲ್ಲೇ ಇರುತ್ತದೆ.

ನರಗುಚ್ಛ:

ಎರಡನೇ ಪ್ರಶ್ನೆಗೆ ನೋವಿನ ವೈದ್ಯಕೀಯದ ಕಡೆಯಿಂದ ಉತ್ತರ.

ಕಳಿಸುವ ಮೊದಲು ಅಪಾಯದ ಚಿಹ್ನೆಗಳನ್ನು ಹೊಸದಾಗಿ ಕೇಳಿ. 'ಎರಡು ವರ್ಷದ ಹಿಂದೆ ನೋಡಿದ್ದಾರೆ' ಎಂದುಕೊಂಡು ಬಿಡಬೇಡಿ. ಮೂತ್ರ, ಮಲದ ಹತೋಟಿ ತಪ್ಪಿರುವುದು, ಕೂರುವ ಜಾಗದಲ್ಲಿ ಮರಗಟ್ಟಿರುವುದು, ಕಾಲಿನ ಬಲ ಹೊಸದಾಗಿ ಕುಗ್ಗಿರುವುದು ಕಂಡರೆ ಅದೇ ದಿನ ಆಸ್ಪತ್ರೆ. ಕಾರಣವಿಲ್ಲದೆ ತೂಕ ಇಳಿದಿದ್ದರೆ, ಜ್ವರ ಇದ್ದರೆ, ಮಲಗಿದರೂ ಬಿಡದ ರಾತ್ರಿ ನೋವಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಮೊದಲು ತನಿಖೆ. ದೀರ್ಘಕಾಲದ ನೋವು ಇರುವವರಿಗೆ ಹೊಸ ಕಾಯಿಲೆ ಬರುವುದಿಲ್ಲ ಎಂದೇನೂ ಇಲ್ಲವಲ್ಲ. ನೋವಿನ ಸ್ವಭಾವ ಬದಲಾಗಿದೆ ಎಂದು ರೋಗಿ ಹೇಳಿದರೆ ಅದನ್ನು 'ಆತಂಕ' ಎಂದು ಬರೆದು ಮುಗಿಸಬಾರದು.

ಔಷಧಿಗಳ ಪಟ್ಟಿ ಥೆರಪಿಸ್ಟ್ ಕೈಯಲ್ಲಿರಬೇಕು. ಬೆಂಜೋಡಯಜೆಪೈನ್ ಗುಂಪಿನ ಮಾತ್ರೆ (ಆತಂಕಕ್ಕೆ, ನಿದ್ದೆಗೆ ಕೊಡುವಂಥದ್ದು) ನುಂಗಿ ಬಂದವರಲ್ಲಿ ಭಾವನೆ ಏಳುವುದೇ ಕಡಿಮೆ, ಕಲಿತದ್ದು ನಿಲ್ಲುವುದೂ ಕಡಿಮೆ. ಹಾಗೆಂದು ಸೆಷನ್ ಇದೆ ಎಂದು ಅದನ್ನು ತಟ್ಟನೆ ಬಿಡಿಸುವುದು ಅಪಾಯ, ಫಿಟ್ಸ್ ಬರಬಹುದು. ಓಪಿಯಾಯ್ಡ್‌ಗೂ, ಅಂದರೆ ಅಫೀಮಿನ ಬಗೆಯ ನೋವುನಿವಾರಕಕ್ಕೂ, ಇದೇ ಮಾತು: ಇಳಿಸುವುದಾದರೆ ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಬೇಕು. ಸೆಷನ್‌ಗಳು ನಡೆಯುತ್ತಿರುವ ವಾರಗಳಲ್ಲೇ ಪ್ರಮಾಣ ಬದಲಾಯಿಸಿದರೆ ನೋವು ಏರಿದ್ದು ಯಾವುದರಿಂದ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಕಣ್ಣಿಗೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ, ರೆಟಿನಾದ ತೊಂದರೆ ಇದ್ದರೆ ಕಣ್ಣಿನ ವೈದ್ಯರ ಒಪ್ಪಿಗೆ ಬೇಕು. ಅಪಸ್ಮಾರ ಇರುವವರಿಗೆ ಬೆರಳಿನ ಬದಲು ಬಳಸುವ ಮಿನುಗುವ ದೀಪದ ಪಟ್ಟಿ ಬೇಡ. ಸೆಷನ್ ನಡುವೆ ಕಣ್ಣೇ ನೋಯತೊಡಗಿದರೆ ಕಣ್ಣಿನ ಚಲನೆ ಅಲ್ಲಿಗೇ ನಿಲ್ಲಿಸಿ, ತಟ್ಟುವಿಕೆಗೆ, ಅಂದರೆ ಮೈಯ ಎಡಕ್ಕೂ ಬಲಕ್ಕೂ ಸರದಿಯಂತೆ ಮೆಲ್ಲನೆ ತಟ್ಟುವುದಕ್ಕೆ, ಬದಲಾಗಬೇಕು.

ಎಣಿಕೆ:

ಪುರಾವೆ ಎಷ್ಟಿದೆ ಎಂಬುದನ್ನು ಅಳೆದು ಹೇಳಬೇಕು. ಇಲ್ಲಿ ಹಿಗ್ಗಿಸಿ ಹೇಳಿದರೆ ನಷ್ಟವಾಗುವುದು ರೋಗಿಗೆ.

ಆಘಾತೋತ್ತರ ಒತ್ತಡಕ್ಕೆ, ಅಂದರೆ ಪಿಟಿಎಸ್‌ಡಿಗೆ, ಇಎಂಡಿಆರ್‌ನ ಆಧಾರ ಗಟ್ಟಿ. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲೇ ಅದನ್ನು ಶಿಫಾರಸು ಮಾಡಿದೆ. ನೋವಿನ ವಿಷಯಕ್ಕೆ ಬಂದರೆ ಚಿತ್ರ ಬೇರೆ. ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ದೀರ್ಘಕಾಲದ ನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಪ್ರಾಥಮಿಕ ನೋವಿಗೆ (ಬೇರೆ ಕಾಯಿಲೆಯಿಂದ ವಿವರಿಸಲಾಗದ ನೋವಿಗೆ) ವ್ಯಾಯಾಮ, ಸಿಬಿಟಿ ಮತ್ತು ಎಸಿಟಿ ಎಂಬ ಎರಡು ಬಗೆಯ ಸೈಕೋಥೆರಪಿ, ಅಕ್ಯುಪಂಕ್ಚರ್, ಕೆಲವು ಖಿನ್ನತೆ ನಿವಾರಕಗಳಿವೆ, ಇಎಂಡಿಆರ್ ಇಲ್ಲ. ನೋವಿನ ಅಧ್ಯಯನಗಳು ಚಿಕ್ಕವು. 2016ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಾಥಮಿಕ ಪ್ರಯೋಗವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬೆನ್ನುನೋವಿನ ಜೊತೆಗೆ ಮಾನಸಿಕ ಆಘಾತವೂ ಇದ್ದ 40 ಜನ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಮೇಲೆ 10 ಇಎಂಡಿಆರ್ ಸೆಷನ್. ಇಎಂಡಿಆರ್ ಗುಂಪಿನಲ್ಲಿ ಅರ್ಧದಷ್ಟು ಮಂದಿಗೆ ಎದ್ದುಕಾಣುವ ಸುಧಾರಣೆ ಆಯಿತು. ಭರವಸೆ ಹುಟ್ಟಿಸುವ ಫಲಿತಾಂಶ. ಆದರೆ ಅಲ್ಲಿದ್ದವರೆಲ್ಲ ಆಘಾತದ ಇತಿಹಾಸ ಇದ್ದವರು ಎಂಬುದನ್ನು ಮರೆತು ಎಲ್ಲ ಬೆನ್ನುನೋವಿಗೂ ಇದನ್ನು ಅನ್ವಯಿಸುವುದು ತಪ್ಪು.

ಕಣ್ಣಿನ ಚಲನೆ ನಿಜಕ್ಕೂ ಬೇಕೇ ಎಂಬ ಹಳೆಯ ಜಗಳವೂ ಇದೆ. 2001ರ ಒಂದು ಮೆಟಾ ವಿಶ್ಲೇಷಣೆ (ಹಲವು ಅಧ್ಯಯನಗಳನ್ನು ಕೂಡಿಸಿ ಮಾಡುವ ಲೆಕ್ಕ) ಅದರಿಂದ ಹೆಚ್ಚುವರಿ ಲಾಭವಿಲ್ಲ ಎಂದಿತು, 2013ರದ್ದು ಇದೆ ಎಂದಿತು. ಅವೆರಡೂ ನೋವಿನ ರೋಗಿಗಳ ಮೇಲೆ ನಡೆದ ಲೆಕ್ಕವಲ್ಲ.

ಬೆನ್ನುಹುರಿ:

ಹಾಗಾದರೆ ಅಪಘಾತ, ದೌರ್ಜನ್ಯ ಏನೂ ಇಲ್ಲದೆ ನಿಧಾನಕ್ಕೆ ಶುರುವಾದ ನೋವಿಗೆ ಇದು ಬೇಡವೇ? ಅಂಥವರೇ ಹೆಚ್ಚು.

ಮರುಓದು:

ಬೇಡ ಎನ್ನುವಷ್ಟು ನೇರವಾಗಿಲ್ಲ. ಗುರಿ ಆರಿಸುವ ಕೆಲಸ ಶುರುವಾಗುವುದೇ ಇಲ್ಲಿ. ಕೆಟ್ಟ ಫಲಿತಾಂಶಗಳ ಬಹುಪಾಲು ಹುಟ್ಟುವುದೂ ಇಲ್ಲೇ.

'ನನ್ನ ಹತ್ತು ವರ್ಷದ ನೋವು' ಎಂಬುದು ಗುರಿಯಲ್ಲ. ಅದರ ಮೇಲೆ ಕಣ್ಣಿನ ಚಲನೆಯ ಇಪ್ಪತ್ತು ಸುತ್ತು ನಡೆಸಿದರೂ ಏನೂ ಕದಲುವುದಿಲ್ಲ. ಗುರಿಗೆ ಒಂದು ಜಾಗ, ಒಂದು ಗಳಿಗೆ, ಒಂದು ಚಿತ್ರ ಇರಬೇಕು. ಹಾಗಾಗಿ ಕಾಲರೇಖೆ ಎಳೆಯಿರಿ: ನೋವು ಮೊದಲು ಕಂಡ ದಿನ, ಅತಿ ಕೆಟ್ಟ ದಿನ, ನೋವನ್ನು ಯಾರೋ ನಂಬದೇ ಹೋದ ದಿನ, ಚಿಕಿತ್ಸೆಯೇ ನೋವು ಕೊಟ್ಟ ದಿನ, ನೋವಿನಿಂದ ಕೆಲಸವೋ ಸಂಬಂಧವೋ ಕೈತಪ್ಪಿದ ದಿನ. ಅಪಘಾತ ಆಗಿಲ್ಲ ಎನ್ನುವವರಲ್ಲೂ ಮೂರನೆಯದು, ಐದನೆಯದು ಸಾಮಾನ್ಯವಾಗಿ ಸಿಗುತ್ತವೆ. 'ಎಲ್ಲ ನಿಮ್ಮ ತಲೆಯಲ್ಲೇ ಇದೆ' ಎಂದು ಕೇಳಿಸಿಕೊಂಡ ಗಳಿಗೆಗೆ ಹತ್ತಕ್ಕೆ ಒಂಬತ್ತು ಕಾವು ಇರುವುದುಂಟು.

ಮೂರು ಗೂಡುಗಳಲ್ಲಿ ಇಟ್ಟುಕೊಳ್ಳಿ. ಹಿಂದಿನ ಘಟನೆಗಳು, ಇವತ್ತು ನೋವನ್ನು ಕೆಣಕುವ ಸಂದರ್ಭಗಳು, ಮುಂದೆ ಆಗಬಹುದು ಎಂದು ಹೆದರುವ ಚಿತ್ರ. ಗಾಲಿಕುರ್ಚಿಯಲ್ಲಿ ತಾನು ಕೂತಿರುವಂತೆ ಕಾಣುವ ಮೂರನೇ ಗೂಡಿನ ಚಿತ್ರವನ್ನು ಬಹಳ ಥೆರಪಿಸ್ಟ್‌ಗಳು ಕೇಳುವುದೇ ಇಲ್ಲ. ಬಗ್ಗಲು, ಎತ್ತಲು ಹೆದರುವವರ ವ್ಯಾಯಾಮವನ್ನು ನಿಜವಾಗಿ ನಿಲ್ಲಿಸುವುದು ಆ ಚಿತ್ರವೇ.

ಮೂರು ಗೂಡೂ ಖಾಲಿ ಎಂದಾದರೆ ಈಗಿನ ನೋವನ್ನೇ ಗುರಿ ಮಾಡುವ ಮಾರ್ಗವಿದೆ. ಆಸ್ಟ್ರೇಲಿಯಾದ ಮಾರ್ಕ್ ಗ್ರಾಂಟ್ ರೂಪಿಸಿದ ನೋವಿನ ಪ್ರೋಟೋಕಾಲ್ ಈ ದಾರಿಯದು. ನೋವು ಎಲ್ಲಿದೆ, ಎಷ್ಟು ದೊಡ್ಡದು, ಆಕಾರ ಏನು, ಬಣ್ಣ ಏನು, ಬಿಸಿಯೋ ತಣ್ಣಗೋ, ಕದಲುತ್ತದೆಯೋ ಎಂದು ಕೇಳಿ, ಆ ಅನುಭವದ ಮೇಲೆ ಗಮನ ಇಟ್ಟುಕೊಂಡೇ ಎಡಬಲ ಪ್ರಚೋದನೆ (ಕಣ್ಣಿನ ಚಲನೆ, ತಟ್ಟುವಿಕೆ ಅಥವಾ ಸದ್ದು) ಕೊಡುವುದು. ಆದರೆ ಆಘಾತವಿಲ್ಲದ, ಭಯವಿಲ್ಲದ, ಚಟುವಟಿಕೆಯೂ ಚೆನ್ನಾಗಿರುವ ಸಂಧಿವಾತದ ರೋಗಿಗೆ ಇದನ್ನೇ ಮೊದಲ ಆಯ್ಕೆಯಾಗಿ ಕೊಡುವುದಕ್ಕೆ ಒಪ್ಪಿಗೆ ಇಲ್ಲ.

ಎಡಬಲ:

ಕೊನೆಯ ಮಾತು ಒಪ್ಪಿದೆ. ಒಂದು ಭಿನ್ನಾಭಿಪ್ರಾಯ: ಕಾಲರೇಖೆಯಲ್ಲಿ ಅತಿ ಹಳೆಯದರಿಂದಲೇ ಶುರು ಮಾಡಬೇಕು ಎಂಬ ಪಿಟಿಎಸ್‌ಡಿ ಪದ್ಧತಿಯನ್ನು ನೋವಿನವರಿಗೆ ಹಾಗೇ ತರಬಾರದು. ಸೊಂಟ ಹಿಡಿದುಕೊಂಡು ಬಂದವರಿಗೆ ಮೊದಲ ವಾರವೇ ಬಾಲ್ಯದ ಹೊಡೆತ ತೆಗೆದರೆ 'ಇವರೂ ನನ್ನ ನೋವನ್ನು ನಂಬಲಿಲ್ಲ' ಎಂದು ಅರ್ಥ ಮಾಡಿಕೊಳ್ಳುತ್ತಾರೆ. ನೋವಿಗೆ ನೇರ ಸಂಬಂಧವಿರುವ, ಕಾವು ಮಧ್ಯಮವಾಗಿರುವ ನೆನಪು ಮೊದಲು ಬರಲಿ. ಅಲ್ಲಿಂದ ಹಳೆಯದಕ್ಕೆ ದಾರಿ ತಾನಾಗಿ ತೆರೆದುಕೊಂಡರೆ ಹೋಗಬಹುದು.

ಈಗ ಸೆಷನ್ನಿನ ಒಳಗಿನ ಲೆಕ್ಕ. ಒಟ್ಟು ಎಂಟು ಹಂತ: ಇತಿಹಾಸ, ಸಿದ್ಧತೆ, ಅಂದಾಜು, ಕಾವು ಇಳಿಸುವುದು, ಹೊಸ ನಂಬಿಕೆ ಕೂರಿಸುವುದು, ಮೈಯೆಲ್ಲ ನೋಡಿಕೊಳ್ಳುವುದು, ಮುಕ್ತಾಯ, ಮುಂದಿನ ಸಲ ಮರುಪರಿಶೀಲನೆ. ಸೆಷನ್ 60ರಿಂದ 90 ನಿಮಿಷ. ಮೊದಲ ಎರಡು ಹಂತಕ್ಕೇ ಎರಡು ಮೂರು ಭೇಟಿ ಹೋಗುತ್ತದೆ, ಹೋಗಲಿ.

ಅಂದಾಜಿನ ಹಂತದಲ್ಲಿ ನೆನಪಿನ ಅತಿ ಕೆಟ್ಟ ಚಿತ್ರ, ಅದರೊಂದಿಗೆ ಬರುವ ತನ್ನ ಬಗೆಗಿನ ಕೆಟ್ಟ ಮಾತು ('ನನ್ನ ಕೈಲಿ ಏನೂ ಆಗುವುದಿಲ್ಲ', 'ನನ್ನ ಮೈ ಕೆಟ್ಟುಹೋಗಿದೆ'), ಅದರ ಬದಲು ನಂಬಲು ಬಯಸುವ ಮಾತು ('ಇದನ್ನು ನಿಭಾಯಿಸಬಲ್ಲೆ'), ಭಾವನೆ, ಮೈಯಲ್ಲಿ ಅದು ಇರುವ ಜಾಗ, ಇಷ್ಟನ್ನೂ ಕೇಳುತ್ತಾರೆ. ಒಳ್ಳೆಯ ಮಾತು ಎಷ್ಟು ನಿಜವೆನಿಸುತ್ತದೆ ಎಂಬುದಕ್ಕೆ 1ರಿಂದ 7ರವರೆಗಿನ ವಿಒಸಿ ಅಂಕ, ಕಾವಿಗೆ 0ಯಿಂದ 10ರವರೆಗಿನ ಎಸ್‌ಯುಡಿ ಅಂಕ. 'ನನಗೆ ಎಂದೂ ನೋವಾಗುವುದಿಲ್ಲ' ಎಂಬಂಥ ಒಳ್ಳೆಯ ಮಾತು ಇಡಬೇಡಿ. ಅದು ಸುಳ್ಳು. ಸುಳ್ಳು ಮಾತು 7ಕ್ಕೆ ಏರುವುದೂ ಇಲ್ಲ.

ನಾಲ್ಕನೇ ಹಂತದಲ್ಲಿ ಥೆರಪಿಸ್ಟ್ ಎದುರುಬದುರು ಕೂರದೆ ಸ್ವಲ್ಪ ಪಕ್ಕಕ್ಕೆ ಸರಿದು ಕೂರುತ್ತಾರೆ. ಎರಡು ಬೆರಳು ಮುಖದಿಂದ 30ರಿಂದ 35 ಸೆಂಟಿಮೀಟರ್ ದೂರದಲ್ಲಿ, ಕಣ್ಣಿನ ಎತ್ತರಕ್ಕೆ. ಎಡದಿಂದ ಬಲಕ್ಕೆ ಹೋಗಿ ವಾಪಸ್ ಬಂದರೆ ಒಂದು. ಇಂಥ 24ಕ್ಕೆ ಒಂದು ಸುತ್ತು, ಆಮೇಲೆ ರೋಗಿಯ ಮುಖ ನೋಡಿ ಹೆಚ್ಚು ಕಡಿಮೆ. ವೇಗ ಸೆಕೆಂಡಿಗೆ ಸುಮಾರು ಒಂದು, ರೋಗಿ ತಡೆದುಕೊಳ್ಳುವಷ್ಟು ಚುರುಕು. ಸುತ್ತು ಮುಗಿದ ಮೇಲೆ ಒಂದು ಉಸಿರು, ಆಮೇಲೆ 'ಈಗ ಏನು ಬಂತು?' ಅಷ್ಟೇ. ಉತ್ತರ ಎರಡು ವಾಕ್ಯ ಸಾಕು. 'ಅದನ್ನೇ ಗಮನಿಸಿ' ಎಂದು ಮುಂದಿನ ಸುತ್ತು. ಸುತ್ತಿನ ನಡುವೆ ಥೆರಪಿಸ್ಟ್ ವ್ಯಾಖ್ಯಾನ ಶುರು ಮಾಡಿದರೆ ಓಟ ಮುರಿಯುತ್ತದೆ. ಹೊಸದಾಗಿ ತರಬೇತಿ ಪಡೆದವರು ಮಾಡುವ ಮುಖ್ಯ ತಪ್ಪು ಇದೇ.

ಕೈಯೆತ್ತಿದರೆ ತಕ್ಷಣ ನಿಲ್ಲಿಸುತ್ತೇವೆ ಎಂಬ ಒಪ್ಪಂದ ಮೊದಲೇ ಆಗಿರಬೇಕು, ಒಮ್ಮೆ ಅದನ್ನು ಮಾಡಿಯೂ ನೋಡಿರಬೇಕು. ತನ್ನ ಮೈ ತನ್ನ ಮಾತು ಕೇಳುವುದಿಲ್ಲ ಎಂದು ಬಂದವರಿಗೆ ನಿಲ್ಲಿಸುವ ಅಧಿಕಾರ ಕೊಡುವುದೇ ಅರ್ಧ ಚಿಕಿತ್ಸೆ.

ಬೆನ್ನುಹುರಿ:

ಕೂರುವುದರ ಬಗ್ಗೆ ಫಿಸಿಯೋ ಕಡೆಯಿಂದ ಸೇರಿಸುವುದಿದೆ. ಬೆನ್ನುನೋವಿನವರಿಗೆ 90 ನಿಮಿಷ ಒಂದೇ ಕುರ್ಚಿಯೇ ಒಂದು ಪೆಟ್ಟು. ನಲವತ್ತನೇ ನಿಮಿಷಕ್ಕೆ ನೋವಿನ ಅಂಕ 5ರಿಂದ 8ಕ್ಕೆ ಏರಿದರೆ ಅದು ನೆನಪು ಕೆದಕಿದ್ದಕ್ಕೋ, ಕುರ್ಚಿಗೋ? ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎದ್ದು ನಿಲ್ಲಲು ಬಿಡಿ, ಎದ್ದ ಮೇಲೆ ಅಂಕ ಮತ್ತೆ ಕೇಳಿ. ನಿಂತಾಗ ಇಳಿದರೆ ಕುರ್ಚಿಯದು. ನಿಂತುಕೊಂಡೇ ಅಥವಾ ಒರಗಿಕೊಂಡು ಸುತ್ತು ನಡೆಸಬಾರದು ಎಂಬ ನಿಯಮವೇನೂ ಇರಲಾರದು ಅಂದುಕೊಂಡಿದ್ದೇನೆ.

ಕುತ್ತಿಗೆ ನೋವಿನವರಲ್ಲಿ ಇನ್ನೊಂದು ತೊಂದರೆ: ಕಣ್ಣಿನ ಜೊತೆ ತಲೆಯೂ ತಿರುಗುತ್ತದೆ. ಚಾಟಿಯೇಟಿನಂತೆ ಕುತ್ತಿಗೆಗೆ ಪೆಟ್ಟಾದವರಿಗೆ ಕಣ್ಣು ಓಡಿಸುವುದರಿಂದಲೇ ತಲೆಸುತ್ತು, ಓಕರಿಕೆ ಬರಬಹುದು. ಬೆರಳಿನ ಓಟದ ಅಗಲ ಕಡಿಮೆ ಮಾಡಿ, ತಲೆಗೆ ಹಿಂದಿನಿಂದ ಆಸರೆ ಕೊಡಿ. ಆದರೂ ಬಂದರೆ ಕಣ್ಣಿನ ಚಲನೆ ಕೈಬಿಡಿ.

ನರಗುಚ್ಛ:

ನಿಯಮವಿಲ್ಲ, ಮಲಗಿಸಿಯೂ ಮಾಡುತ್ತಾರೆ. ತಟ್ಟುವಿಕೆ ಅಥವಾ ಹೆಡ್‌ಫೋನ್‌ನಲ್ಲಿ ಎಡ ಬಲ ಕಿವಿಗೆ ಸರದಿಯಂತೆ ಬರುವ ಸದ್ದು ಬಳಸಿದರೆ ಭಂಗಿಯ ಕಟ್ಟುಪಾಡು ಇನ್ನೂ ಕಡಿಮೆ. ಮೈಗ್ರೇನ್‌ನಲ್ಲಿ ಬೆಳಕು ತಾಳದವರಿಗೂ ಇದೇ ಒಳ್ಳೆಯದು, ಸದ್ದೂ ತಾಳದವರಿಗೆ ಮೊಣಕಾಲ ಮೇಲೆ ಮೆಲ್ಲನೆ ತಟ್ಟುವುದು. ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ ಸದ್ದಿಗಿಂತ ಕಣ್ಣಿನ ಚಲನೆಯೇ ನೆನಪನ್ನು ಹೆಚ್ಚು ಮಂಕಾಗಿಸಿದೆ. ಆದ್ದರಿಂದ ಬದಲಿ ಮಾರ್ಗ ಹಿಡಿದಾಗ ಸುತ್ತು ಉದ್ದವಾಗುತ್ತದೆ, ತಾಳ್ಮೆ ಬೇಕು.

ಸಿಆರ್‌ಪಿಎಸ್, ಅಂದರೆ ಸಂಕೀರ್ಣ ಪ್ರಾದೇಶಿಕ ನೋವಿನ ರೋಗಿಗಳಲ್ಲಿ ಬಟ್ಟೆ ತಗುಲಿದರೂ ಉರಿಯುವ ಕೈ ಇರುತ್ತದೆ. ಆ ಕೈಗೆ ತಟ್ಟುವ ಯಂತ್ರ ಕೊಡಬೇಡಿ. ಎರಡೂ ಭುಜದ ಮೇಲೆ ಇಡಿ.

ಅಂಗ ಕತ್ತರಿಸಿದ ಮೇಲೆ ಇಲ್ಲದ ಅಂಗದಲ್ಲಿ ಬರುವ ನೋವಿಗೆ ಇಎಂಡಿಆರ್ ಬಳಸಿದ ವರದಿಗಳಿವೆ. 2008ರಲ್ಲಿ 5 ಜನರದು, 2010ರಲ್ಲಿ 10 ಜನರದು. ಹೋಲಿಕೆಗೆ ಬೇರೆ ಗುಂಪಿಲ್ಲದ ಚಿಕ್ಕ ಸರಣಿಗಳು ಇವು, ಆದರೆ ಗುರಿಯ ಆಯ್ಕೆ ಕಲಿಯಲು ಉಪಯುಕ್ತ: ಅಪಘಾತದ ಗಳಿಗೆ, ಕತ್ತರಿಸಬೇಕು ಎಂದು ತಿಳಿದ ಗಳಿಗೆ, ಎಚ್ಚರವಾದಾಗ ಕಾಲಿಲ್ಲದ್ದನ್ನು ಕಂಡ ಗಳಿಗೆ, ಕೊನೆಗೆ ಇಲ್ಲದ ಕಾಲಿನ ಈಗಿನ ನೋವು. ಒಂದನ್ನು ಬೇರೆ ಮಾಡಿಕೊಳ್ಳಿ. ಉಳಿದ ಮೊಂಡು ತುದಿಯನ್ನು ಒಂದೇ ಬಿಂದುವಿನಲ್ಲಿ ಒತ್ತಿದಾಗ ಕರೆಂಟು ಹೊಡೆದಂತೆ ಆಗುವುದಾದರೆ ಅದು ನರದ ಗಂಟಾಗಿರಬಹುದು, ಕೃತಕ ಕಾಲಿನ ಅಳತೆ ತಪ್ಪಿರಬಹುದು. ಅದಕ್ಕೆ ಕಣ್ಣಿನ ಚಲನೆ ಪರಿಹಾರವಲ್ಲ.

ಎಣಿಕೆ:

ಅಂಕಗಳ ಬಗ್ಗೆ ಒಂದು ಎಚ್ಚರಿಕೆ. ಎಸ್‌ಯುಡಿ ಕೂಡ 0ಯಿಂದ 10, ನೋವಿನ ಅಂಕವೂ 0ಯಿಂದ 10. ಎರಡನ್ನೂ ಒಂದೇ ಉಸಿರಿನಲ್ಲಿ 'ಈಗ ಎಷ್ಟು?' ಎಂದು ಕೇಳಿದರೆ ರೋಗಿ ಯಾವುದಕ್ಕೆ ಉತ್ತರಿಸಿದರು ಎಂದು ಗೊತ್ತಾಗುವುದಿಲ್ಲ. 'ನೋವು ಎಷ್ಟು ಜೋರಾಗಿದೆ?' ಎಂಬುದು ಒಂದು ಪ್ರಶ್ನೆ, 'ಅದು ನಿಮ್ಮನ್ನು ಎಷ್ಟು ಕಾಡುತ್ತಿದೆ?' ಎಂಬುದು ಇನ್ನೊಂದು. ಎರಡು ಬೇರೆ ಕಂಬಸಾಲಿನಲ್ಲಿ ಬರೆದಿಡಿ. ಮೊದಲ ಮೂರು ನಾಲ್ಕು ಸೆಷನ್‌ಗಳಲ್ಲಿ ಕಾಟದ ಅಂಕ ಇಳಿದು ನೋವಿನ ಅಂಕ ನಿಂತಲ್ಲೇ ನಿಲ್ಲುವುದು ಸಾಮಾನ್ಯ. ಇದನ್ನು ಸೋಲು ಎಂದು ಬರೆಯಬೇಡಿ. ಹಾಗೆಯೇ ಕಾಟ ಇಳಿದದ್ದನ್ನು ತೋರಿಸಿ 'ನೋವು ವಾಸಿ' ಎಂದೂ ಬರೆಯಬೇಡಿ.

ಶುರುವಿನಲ್ಲಿ, ಮಧ್ಯದಲ್ಲಿ, ಮುಗಿದ ಮೇಲೆ, ಆರು ತಿಂಗಳಿಗೆ ಅಳೆಯಬೇಕು. ನೋವಿನ ಭೀಕರ ಕಲ್ಪನೆಗೆ ಪಿಸಿಎಸ್: 13 ಪ್ರಶ್ನೆ, ಒಟ್ಟು 52 ಅಂಕ. ಆಘಾತಕ್ಕೆ ಪಿಸಿಎಲ್-5: 20 ಪ್ರಶ್ನೆ, ಒಟ್ಟು 80, ಮೂವತ್ತರ ಆಸುಪಾಸು ದಾಟಿದರೆ ಪಿಟಿಎಸ್‌ಡಿ ಇದೆಯೇ ಎಂದು ಪೂರ್ತಿ ಪರೀಕ್ಷಿಸಬೇಕು. ನೋವಿನ ಅಂಕದಲ್ಲಿ 2 ಅಂಶ ಅಥವಾ ಶೇ 30 ಇಳಿದರೆ ರೋಗಿಗೆ ಅರ್ಥಪೂರ್ಣ ಎಂಬ ಅಳತೆ 2001ರಿಂದ ಬಳಕೆಯಲ್ಲಿದೆ. ಅದರ ಜೊತೆಗೆ ನಡೆಯುವ ನಿಮಿಷ, ಒಮ್ಮೆಗೆ ಕೂರುವ ಹೊತ್ತು, ನಿದ್ದೆಯ ಗಂಟೆ, ಇವನ್ನೂ ಬರೆದಿಡಿ. 6ರ ನೋವಿನಲ್ಲಿ 5 ನಿಮಿಷ ನಡೆಯುತ್ತಿದ್ದವರು ಅದೇ 6ರಲ್ಲಿ 25 ನಿಮಿಷ ನಡೆದರೆ ಆ ಬದಲಾವಣೆ ನೋವಿನ ಅಂಕದಲ್ಲಿ ಕಾಣುವುದೇ ಇಲ್ಲ.

ಮರುಓದು:

ಅಂಕ ನಿಂತುಬಿಟ್ಟರೆ ಏನು ಎಂಬುದನ್ನು ಬಿಡಿಸಿ ಹೇಳಬೇಕು. ಎರಡು ಸುತ್ತು ಸತತವಾಗಿ ಅದೇ ಚಿತ್ರ, ಅದೇ ಅಂಕ ಬಂದರೆ ಮೊದಲು ಯಾಂತ್ರಿಕ ಬದಲಾವಣೆ: ದಿಕ್ಕು ಅಡ್ಡದಿಂದ ಓರೆಗೆ, ವೇಗ ಹೆಚ್ಚು, ಸುತ್ತು ಉದ್ದ. ಅದರಲ್ಲೂ ಕದಲದಿದ್ದರೆ ಕೆಳಗೆ ಏನೋ ಹಿಡಿದಿದೆ ಎಂದರ್ಥ.

ನೋವಿನವರಲ್ಲಿ ಹಿಡಿದಿಡುವ ನಂಬಿಕೆ ಬಹಳ ಸಲ ಒಂದೇ: 'ನೋವು ಹೋದರೆ, ಇಷ್ಟು ವರ್ಷ ಅದು ಸುಳ್ಳಾಗಿತ್ತು ಎಂದಾಗುತ್ತದೆ.' ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. 'ನೋವು ನಾಳೆ ಅರ್ಧ ಇಳಿದರೆ ಯಾರು ಏನನ್ನುತ್ತಾರೆ?' ಎಂದು ಕೇಳಿ ನೋಡಿ, ಹೊರಗೆ ಬರುತ್ತದೆ. ಆಗ ಉಪದೇಶ ಬೇಡ. ಮೂಳೆ ಮುರಿದು ಕೂಡಿಕೊಂಡರೆ, ಅದು ಮುರಿದಿರಲೇ ಇಲ್ಲ ಎಂದಾಗುತ್ತದೆಯೇ ಎಂಬಂಥ ಒಂದೇ ಪ್ರಶ್ನೆ ಹಾಕಿ, ತಕ್ಷಣ ಮುಂದಿನ ಸುತ್ತಿಗೆ ಹೋಗಿ.

ಪರಿಹಾರದ ಮೊಕದ್ದಮೆ ನಡೆಯುತ್ತಿದ್ದರೆ ಅದನ್ನು ಮೊದಲೇ ಮಾತಾಡಿ. ಒಂದು, ಗುಣವಾದರೆ ಕೇಸು ಸಡಿಲವಾಗುತ್ತದೆ ಎಂಬ ಭಯ ಸಹಜ, ಅದನ್ನು ಕಪಟ ಎಂದು ತಿಳಿಯಬಾರದು. ಎರಡು, ಸುತ್ತುಗಳಾದ ಮೇಲೆ ನೆನಪಿನ ಬಿಸಿ ಇಳಿದು, ಸಾಕ್ಷಿ ಹೇಳುವಾಗ ಮಾತು ತಣ್ಣಗೆ ಬರಬಹುದು. ಸಾಕ್ಷಿ ಹೇಳುವುದು ಬಾಕಿ ಇದ್ದರೆ ವಕೀಲರೊಂದಿಗೆ ಮಾತಾಡಿಯೇ ದಿನ ಗೊತ್ತು ಮಾಡಲಿ.

ಆರನೇ ಹಂತದ ತೊಡಕು ನೋವಿಗೇ ವಿಶೇಷವಾದದ್ದು. ಕಣ್ಣುಮುಚ್ಚಿ ತಲೆಯಿಂದ ಕಾಲವರೆಗೆ ಮೈ ನೋಡಿಕೊಳ್ಳಿ, ಎಲ್ಲೂ ಏನೂ ಉಳಿದಿಲ್ಲದಿದ್ದರೆ ಮುಗಿಯಿತು ಎಂಬುದು ಮೂಲ ನಿಯಮ. ನೋವಿನವರ ಮೈ ಎಂದೂ ಖಾಲಿ ಬರುವುದಿಲ್ಲ. ಅದನ್ನೇ ಬೆನ್ನಟ್ಟಿದರೆ ಸೆಷನ್ ಮುಗಿಯುವುದೇ ಇಲ್ಲ. 'ಈ ಘಟನೆಯನ್ನು ನೆನೆದಾಗ ಮಾಮೂಲಿಗಿಂತ ಹೆಚ್ಚಾಗಿ ಏನಾದರೂ ಇದೆಯೇ?' ಎಂದು ಕೇಳಬೇಕು. ಎಸ್‌ಯುಡಿ 1ಕ್ಕೆ ನಿಂತು, ಸಂಧಿವಾತ ನಿಜವಾಗಿ ಇರುವುದರಿಂದ ಆ 1 ಉಳಿದಿದ್ದರೆ ಅದು ನ್ಯಾಯವಾದ 1. ಸೊನ್ನೆಗಾಗಿ ಒತ್ತಾಯಿಸಬೇಡಿ.

ಸುತ್ತಿನ ನಡುವೆ ರೋಗಿಯ ನೋಟ ಶೂನ್ಯವಾಗಿ, ನೋವು ಇದ್ದಕ್ಕಿದ್ದಂತೆ 8ರಿಂದ 0ಗೆ ಇಳಿದು, 'ಏನೂ ಗೊತ್ತಾಗುತ್ತಿಲ್ಲ' ಎಂದರೆ ಸಂತೋಷಪಡಬೇಡಿ. ಅದು ಮನಸ್ಸು ಕಳಚಿಕೊಂಡಿರುವ ಸೂಚನೆ. ನಿಲ್ಲಿಸಿ, ಕಾಲು ನೆಲಕ್ಕೆ ಊರಿಸಿ, ಕೋಣೆಯ ಐದು ವಸ್ತು ಹೆಸರಿಸಲು ಹೇಳಿ. ಇದಕ್ಕಾಗಿಯೇ ಸಿದ್ಧತೆಯ ಹಂತದಲ್ಲಿ ಮನಸ್ಸು ಹೀಗೆ ಕಳಚಿಕೊಳ್ಳುವುದನ್ನು ಅಳೆಯುವ 28 ಪ್ರಶ್ನೆಗಳ ಡಿಇಎಸ್ ತುಂಬಿಸುವುದು. ಸರಾಸರಿ 30 ದಾಟಿದರೆ ಕಾವು ಇಳಿಸುವ ಹಂತಕ್ಕೆ ಇಳಿಯುವ ಮೊದಲು ತಜ್ಞರ ಮೌಲ್ಯಮಾಪನ ಬೇಕು.

ಬೆನ್ನುಹುರಿ:

ಮೂರನೇ ಪ್ರಶ್ನೆ ಉಳಿಯಿತು. ವ್ಯಾಯಾಮ?

ನರಗುಚ್ಛ:

ನಿಲ್ಲಿಸಬೇಡಿ. ಆದರೆ ಸೆಷನ್ ದಿನ ಮತ್ತು ಮಾರನೇ ದಿನ ಭಾರ ಏರಿಸಬೇಡಿ. ಒಳ್ಳೆಯ ಸೆಷನ್ ಆದ ಮೇಲೆ ನೋವು 3ಕ್ಕೆ ಇಳಿಯಿತು ಎಂದು ವರ್ಷಗಳಿಂದ ಮಾಡದ ಕೆಲಸವನ್ನೆಲ್ಲ ಒಂದೇ ದಿನ ಮಾಡಿಬಿಡುವವರಿದ್ದಾರೆ. ಸ್ನಾಯು ಅಷ್ಟು ಬೇಗ ತಯಾರಾಗಿರುವುದಿಲ್ಲ. ಮಾರನೇ ದಿನ 8, ಅದರ ಹಿಂದೆಯೇ 'ಚಿಕಿತ್ಸೆ ಕೆಲಸ ಮಾಡಲಿಲ್ಲ.' ಈಗ ಮಾಡುತ್ತಿರುವ ಪ್ರಮಾಣದ ಮೇಲೆ ವಾರಕ್ಕೆ ಶೇ 10ರ ಆಸುಪಾಸು ಏರಿಕೆ ಸಾಕು. ನೋವು ಎಷ್ಟೇ ಇಳಿದಿರಲಿ, ಏರಿಕೆ ಅಷ್ಟೇ.

ಎಡಬಲ:

ಜೊತೆಗೆ, ಹೆದರುವ ಚಲನೆಯನ್ನೇ ಮೂರನೇ ಗೂಡಿನ ಗುರಿಯಾಗಿ ತೆಗೆದುಕೊಂಡು, ಕಲ್ಪನೆಯಲ್ಲಿ ಬಗ್ಗಿ ಬಕೆಟ್ ಎತ್ತುವುದನ್ನು ಮೊದಲಿಂದ ಕೊನೆವರೆಗೆ ಸಿನಿಮಾದಂತೆ ಓಡಿಸಿ ನೋಡುವ ಹಂತವಿದೆ. ಎಲ್ಲಿ ಮೈ ಬಿಗಿಯಿತೋ ಅಲ್ಲಿ ನಿಲ್ಲಿಸಿ ಒಂದು ಸುತ್ತು, ಮತ್ತೆ ಮೊದಲಿಂದ. ಅದು ಅಡ್ಡಿಯಿಲ್ಲದೆ ಓಡಿದ ಮೇಲೆ ಫಿಸಿಯೋಗೆ ಸುದ್ದಿ ಹೋಗಬೇಕು, ನಿಜವಾದ ಬಕೆಟ್ ಆ ವಾರವೇ ಎತ್ತಿಸಬೇಕು. ಎರಡು ಕಡೆಯವರೂ ಮಾತಾಡಿಕೊಳ್ಳದಿದ್ದರೆ ಈ ಕೊಂಡಿ ಕಳಚುತ್ತದೆ.

ಮುಕ್ತಾಯಕ್ಕೆ ಹದಿನೈದು ನಿಮಿಷ ಕಡ್ಡಾಯವಾಗಿ ಉಳಿಸಿಕೊಳ್ಳಿ. ಅಂಕ 6ರಲ್ಲೇ ಇದ್ದರೂ ಹೊಸ ಸುತ್ತು ಬೇಡ. ನೋವಿನ ಜಾಗದಲ್ಲಿ ಏನು ಬಂದರೆ ಹಿತ ಎಂದು ಕೇಳಿ. ಬಿಸಿಯಾದ ಕಬ್ಬಿಣದಂತಿದೆ ಎಂದವರು ಅದರ ಮೇಲೆ ತಣ್ಣೀರು ಇಳಿಯುವುದನ್ನು ಹೇಳಬಹುದು. ಚಿತ್ರ ರೋಗಿಯದೇ ಆಗಿರಲಿ, ಥೆರಪಿಸ್ಟ್ ಕೊಟ್ಟದ್ದು ನಿಲ್ಲುವುದಿಲ್ಲ. ಆ ಚಿತ್ರದ ಮೇಲೆ ನಿಧಾನವಾದ, ಚಿಕ್ಕ ಸುತ್ತು: 6ರಿಂದ 8 ಸಾಕು. ಇಲ್ಲಿ ವೇಗವೂ ಉದ್ದವೂ ಬೇಡ, ಏಕೆಂದರೆ ಉದ್ದ ಮಾಡಿದರೆ ಹಿತದ ಚಿತ್ರದೊಳಕ್ಕೇ ಕಹಿ ನೆನಪು ನುಗ್ಗುತ್ತದೆ. ಮನೆಯಲ್ಲಿ ಇದನ್ನೇ ಚಿಟ್ಟೆ ಅಪ್ಪುಗೆಯಿಂದ ಮಾಡಬಹುದು: ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟು, ಎಡ ಬಲ ಸರದಿಯಂತೆ ಮೆಲ್ಲನೆ ತಟ್ಟಿಕೊಳ್ಳುವುದು. 1998ರಲ್ಲಿ ಮೆಕ್ಸಿಕೋದಲ್ಲಿ ಚಂಡಮಾರುತಕ್ಕೆ ಸಿಕ್ಕವರ ಜೊತೆ ಕೆಲಸ ಮಾಡುವಾಗ ಲೂಸಿನಾ ಆರ್ಟಿಗಾಸ್ ರೂಪಿಸಿದ್ದು ಇದು. ಕೈ ನೋವಿನವರು ಎದೆಗೆ ತಟ್ಟಿಕೊಳ್ಳುವ ಬದಲು ಕಾಲಬೆರಳನ್ನು ಎಡ ಬಲ ಒತ್ತಿದರೂ ನಡೆಯುತ್ತದೆ. ಮನೆಯಲ್ಲಿ ಹಿತದ ಚಿತ್ರಕ್ಕೆ ಮಾತ್ರ. ಅಪಘಾತದ ನೆನಪನ್ನು ಒಂಟಿಯಾಗಿ ತೆಗೆದು ಕೂರಬಾರದು, ವೀಡಿಯೊ ನೋಡಿಕೊಂಡೂ ಬೇಡ.

ಮುಂದಿನ ಎರಡು ಮೂರು ದಿನ ಕನಸು ಹೆಚ್ಚಾಗಬಹುದು, ಮರೆತಿದ್ದ ತುಣುಕು ಬರಬಹುದು, ನೋವು ಒಂದೆರಡು ಅಂಶ ಏರಿ ಇಳಿಯಬಹುದು. ಬಂದದ್ದನ್ನು ಎರಡು ಸಾಲಿನಲ್ಲಿ ಬರೆದು, ಪಕ್ಕದಲ್ಲಿ ನೋವಿನ ಅಂಕ, ಕಾಟದ ಅಂಕ, ಆ ದಿನ ಮಾಡಿದ ಕೆಲಸ ಬರೆದಿಡಲಿ. ಎಂಟನೇ ಹಂತ ಶುರುವಾಗುವುದು ಆ ಹಾಳೆಯಿಂದಲೇ. ನಾಲ್ಕನೇ ದಿನಕ್ಕೂ ನೋವು ಏರಿದಲ್ಲೇ ಇದ್ದರೆ, ಅಥವಾ ಬದುಕು ಬೇಡವೆನಿಸುವ ಯೋಚನೆ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಫೋನ್ ಮಾಡಬೇಕು ಎಂಬುದನ್ನು ಆ ಹಾಳೆಯ ಮೇಲ್ಗಡೆಯೇ ಬರೆದುಕೊಡಿ.